ವೆಂಟಿಲೇಟರ್ ತೆಗೀಬೇಕಾ, ಬೇಡ್ವಾ? ಆ ಮಾತು ಹೇಳೋರು ಯಾರು?

ಕ್ಯಾಲನೂರಿನಿಂದ ನಿಮ್ಮ ಜೊತೆ ಮಾತಾಡ್ತಾ ಇದ್ದೀನಿ. ಇವತ್ತಿನ ಸಂಚಿಕೆ ಸ್ವಲ್ಪ ಭಾರದ್ದು. ಊಟದ ಮುಂದೆ ಕೂತು ಕೇಳ್ತಿದ್ರೆ ಊಟ ಮುಗಿಸಿಕೊಂಡು ಬನ್ನಿ, ಅವಸರ ಏನಿಲ್ಲ.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ವಾಸಿಯಾಗುವ ಭರವಸೆಯೇ ಇಲ್ಲದ, ಯಂತ್ರದ ಆಸರೆಯಲ್ಲಿ ಜೀವ ಹಿಡಿದಿರುವ ರೋಗಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕ್ರಮವನ್ನು ರಾಜ್ಯದ ಆಸ್ಪತ್ರೆಗಳು ಹೇಗೆ ಪಾಲಿಸಬೇಕು ಅನ್ನೋದು ಅದರ ಸಾರಾಂಶ. ಟಿವಿಯಲ್ಲಿ ಅದಕ್ಕೆ 'ದಯಾಮರಣ' ಅಂತ ಹೆಸರು ಬಿತ್ತು. ನಮ್ಮೂರ ಅರಳಿಕಟ್ಟೆಗೆ ಬರೋ ಹೊತ್ತಿಗೆ ಅದು 'ಮುದುಕರಿಗೆ ಇಂಜೆಕ್ಷನ್ ಕೊಟ್ಟು ಕಳಿಸೋ ಕಾನೂನಂತೆ' ಅಂತಾಗಿತ್ತು.

ಅಲ್ಲ. ಹಾಗಲ್ಲ. ಇವತ್ತು ಅದನ್ನೇ ಬಿಡಿಸಿ ಹೇಳೋಣ ಅಂತ. ಆದರೆ ಬರೀ ಕಾನೂನು ಹೇಳಿದರೆ ಸಾಲದು. ಸಾಯುವ ಮನುಷ್ಯನ ಪಕ್ಕದಲ್ಲಿ ನಿಂತವರು ಏನು ಮಾಡಬೇಕು ಅನ್ನೋ ಪ್ರಶ್ನೆಯನ್ನ ನಮ್ಮ ಕಥೆಗಳು, ಕಾದಂಬರಿಗಳು ಕೋರ್ಟಿಗಿಂತ ಎಷ್ಟೋ ಮುಂಚೆ ಕೇಳಿವೆ. ಎರಡನ್ನೂ ಜೊತೆಗಿಟ್ಟು ನೋಡೋಣ.

ಮೊದಲು ಮೂರು ಮಾತು ಬೇರೆ ಬೇರೆ ಮಾಡ್ಕೊಳ್ಳೋಣ

ಒಂದು: ಡಾಕ್ಟರು ಔಷಧಿ ಕೊಟ್ಟು ಜೀವ ತೆಗೆಯೋದು. ಇದು ಭಾರತದಲ್ಲಿ ಅಪರಾಧ. ಈ ಸುತ್ತೋಲೆ ಬಂದ ಮೇಲೂ ಅಪರಾಧವೇ.

ಎರಡು: ಇನ್ನು ಬದುಕು ಸಾಕು ಅಂತ ಒಬ್ಬರು ತಾವೇ ಪ್ರಾಣ ಕಳ್ಕೊಳ್ಳೋದು. ಅದಕ್ಕೂ ಈ ಸುತ್ತೋಲೆಗೂ ಸಂಬಂಧ ಇಲ್ಲ.

ಮೂರು: ರೋಗ ಮುಂದುವರಿದಿದೆ, ವಾಸಿಯಾಗೋದಿಲ್ಲ, ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆ ಇವೆಲ್ಲ ಸಾವನ್ನ ಮುಂದಕ್ಕೆ ತಳ್ತಾ ಇವೆ ಅಷ್ಟೇ. ಆಗ ಅವನ್ನ ನಿಲ್ಲಿಸೋದು, ಇಲ್ಲಾ ಶುರುವೇ ಮಾಡದೇ ಇರೋದು. ರೋಗ ತನ್ನ ದಾರಿ ಹಿಡಿಯುತ್ತೆ. ನೋವಿಗೆ ಔಷಧಿ, ಬಾಯಿ ಒಣಗದ ಹಾಗೆ ಆರೈಕೆ, ಮೈ ಒರೆಸೋದು, ಇವು ಯಾವುವೂ ನಿಲ್ಲೋದಿಲ್ಲ. ಕಾನೂನು ಒಪ್ಪಿರೋದು ಈ ಮೂರನೆಯದನ್ನ ಮಾತ್ರ.

ಈ ಮೂರನೆಯದು ಹೊಸದಾ? ನನಗೆ ಹಾಗನ್ನಿಸೋದಿಲ್ಲ.

ಭೀಷ್ಮ ವೈದ್ಯರನ್ನ ವಾಪಸ್ ಕಳಿಸಿದ ಕಥೆ

ಭೀಷ್ಮನಿಗೆ ಇಚ್ಛಾಮರಣದ ವರ ಇತ್ತು ಅಂತ ಎಲ್ಲರಿಗೂ ಗೊತ್ತು. ಆದರೆ ಮಹಾಭಾರತದ ಭೀಷ್ಮಪರ್ವದಲ್ಲಿ ಒಂದು ಸಣ್ಣ ಪ್ರಸಂಗ ಇದೆ, ಅದನ್ನ ನಾವು ಅಷ್ಟಾಗಿ ಗಮನಿಸೋದಿಲ್ಲ. ಭೀಷ್ಮ ಶರಶಯ್ಯೆ ಮೇಲೆ ಮಲಗಿದ್ದಾನೆ. ಮೈಯಿಂದ ಬಾಣ ಕೀಳೋದರಲ್ಲಿ ಪಳಗಿದ ವೈದ್ಯರು ಸಲಕರಣೆ ಸಮೇತ ಬರ್ತಾರೆ. ಭೀಷ್ಮ ಅವರನ್ನ ಗದರಿಸೋದಿಲ್ಲ. ಅವರಿಗೆ ಕೊಡಬೇಕಾದ ಹಣ ಕೊಟ್ಟು, ಮರ್ಯಾದೆ ಮಾಡಿ ಕಳಿಸಿಕೊಡು ಅಂತ ದುರ್ಯೋಧನನಿಗೆ ಹೇಳ್ತಾನೆ. ಈ ಸ್ಥಿತಿಗೆ ಬಂದ ಮೇಲೆ ನನಗೆ ವೈದ್ಯರಿಂದ ಆಗಬೇಕಾದ್ದೇನಿದೆ ಅನ್ನೋದು ಅವನ ಮಾತಿನ ಅರ್ಥ.

ಇವತ್ತಿನ ಆಸ್ಪತ್ರೆ ಭಾಷೆಯಲ್ಲಿ ಹೇಳೋದಾದ್ರೆ, ಪ್ರಜ್ಞೆ ಇರುವ ರೋಗಿ ಚಿಕಿತ್ಸೆ ಬೇಡ ಅಂದ. ಅಷ್ಟೇ.

ಆದರೆ ಇನ್ನೂ ಒಂದು ಇದೆ. ಅದೇ ಭೀಷ್ಮ ತಲೆ ಜೋತುಬಿದ್ದಿದೆ, ದಿಂಬು ಬೇಕು ಅಂತಾನೆ. ರಾಜರೆಲ್ಲ ಓಡಿಹೋಗಿ ಮೆತ್ತನೆ ದಿಂಬು ತರ್ತಾರೆ. ಅವನು ಅವನ್ನ ಬೇಡ ಅಂತಾನೆ. ಅರ್ಜುನ ಮೂರು ಬಾಣ ನೆಟ್ಟು ತಲೆಗೆ ಆಸರೆ ಮಾಡ್ತಾನೆ, ಅದು ಅವನಿಗೆ ಹಿಡಿಸುತ್ತೆ. ಆಮೇಲೆ ಬಾಯಾರಿಕೆ ಅಂತಾನೆ. ಅರ್ಜುನ ನೆಲಕ್ಕೆ ಬಾಣ ಬಿಟ್ಟು ನೀರು ಚಿಮ್ಮಿಸ್ತಾನೆ.

ನನಗೆ ಇದರಲ್ಲಿ ಎರಡು ವಿಷಯ ಕಾಣುತ್ತೆ. ಒಂದು, ಚಿಕಿತ್ಸೆ ಬೇಡ ಅಂದವನು ಆರೈಕೆ ಬೇಡ ಅನ್ನಲಿಲ್ಲ. ಇವತ್ತು ಉಪಶಾಮಕ ಆರೈಕೆ, ಪ್ಯಾಲಿಯೇಟಿವ್ ಕೇರ್ ಅಂತ ಯಾವುದನ್ನ ಕರೀತೀವೋ ಅದರ ಬೇರು ಇಲ್ಲೇ ಇದೆ. ಎರಡು, ಮೆತ್ತನೆ ದಿಂಬು ತಂದವರಿಗೂ ಪ್ರೀತಿ ಇತ್ತು. ಆದರೆ ಮಲಗಿರೋನಿಗೆ ಯಾವ ದಿಂಬು ಬೇಕು ಅನ್ನೋದು ಅರ್ಜುನನಿಗೆ ಮಾತ್ರ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಪ್ರೀತಿಗೆ ಬರ ಇಲ್ಲ. ಬರ ಇರೋದು ಈ ಎರಡನೆಯದಕ್ಕೆ.

ಹಳದೀಪುರದ ಒಬ್ಬ ನರ್ಸ್

ಈಗ ಕಾನೂನಿಗೆ ಬರೋಣ. ಅದೂ ನಮ್ಮ ರಾಜ್ಯದ ಒಬ್ಬ ಹೆಣ್ಣುಮಗಳಿಂದಲೇ ಶುರುವಾಗುತ್ತೆ. ಅರುಣಾ ಶಾನಭಾಗ. ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ವಾರ್ಡ್ ಬಾಯ್ ಅವರ ಮೇಲೆ ದೌರ್ಜನ್ಯ ಮಾಡಿ, ನಾಯಿ ಕಟ್ಟೋ ಸರಪಳಿಯಿಂದ ಕುತ್ತಿಗೆ ಬಿಗಿದ. ಮೆದುಳಿಗೆ ರಕ್ತ ಹೋಗೋದು ನಿಂತಿತು. ಜೀವ ಉಳೀತು, ಪ್ರಜ್ಞೆ ಮರಳಲಿಲ್ಲ. 2015ರ ಮೇ 18ರವರೆಗೆ, ಹತ್ತಿರ ಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬಲವಂತವಾಗಿ ಆಹಾರ ಕೊಡೋದನ್ನ ನಿಲ್ಲಿಸಲು ಬಿಡಿ ಅನ್ನೋದು ಅವರ ಕೋರಿಕೆ. ಆಸ್ಪತ್ರೆಯ ನರ್ಸ್‌ಗಳು ಬೇಡ ಅಂದರು. ಅರುಣಾ ನಮ್ಮವಳು, ನಾವು ನೋಡ್ಕೊಳ್ತೀವಿ ಅಂದರು. ತಲೆಮಾರು ಬದಲಾದರೂ ನರ್ಸ್‌ಗಳು ನೋಡಿಕೊಂಡೇ ಬಂದಿದ್ದರು. ಅಷ್ಟು ವರ್ಷ ಮಲಗಿದ್ದರೂ ಬೆನ್ನಲ್ಲಿ ಒಂದು ಹುಣ್ಣು ಆಗಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರನ್ನ ನೋಡಿಕೊಂಡವರಿಗೆ ಅದರ ಬೆಲೆ ಗೊತ್ತಿರುತ್ತೆ.

2011ರ ಮಾರ್ಚ್ 7ರಂದು ಕೋರ್ಟ್ ತೀರ್ಪು ಕೊಟ್ಟಿತು. ಅರುಣಾ ಪರವಾಗಿ ಮಾತಾಡೋ ಹಕ್ಕು ಅವರನ್ನ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದ್ದು, ಹಾಗಾಗಿ ವಿರಾನಿ ಅವರ ಕೋರಿಕೆ ಒಪ್ಪೋದಿಲ್ಲ ಅಂತ. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಇಂಥ ಚಿಕಿತ್ಸೆ ನಿಲ್ಲಿಸಬಹುದು ಅಂತ ಬಾಗಿಲು ತೆರೆಯಿತು. ತಾನು ಹೊರಬರಲಾಗದ ಬಾಗಿಲನ್ನ ಅರುಣಾ ಬೇರೆಯವರಿಗೆ ತೆರೆದರು.

ಮುಂದಿನದು ಬೇಗ ಹೇಳ್ತೀನಿ. 2018ರ ಮಾರ್ಚ್ 9ರಂದು 'ಕಾಮನ್ ಕಾಸ್' ಸಂಸ್ಥೆ ಹಾಕಿದ್ದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಘನತೆಯಿಂದ ಸಾಯೋದು ಕೂಡ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿದೆ. ನನಗೆ ಮುಂದೆ ಪ್ರಜ್ಞೆ ಇಲ್ಲದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಈಗಲೇ ಬರೆದಿಡಬಹುದು. ಅದನ್ನೇ ಲಿವಿಂಗ್ ವಿಲ್ ಅಂತಾರೆ. ಆದರೆ ಆಗ ಹಾಕಿದ ಷರತ್ತು ಎಷ್ಟು ಬಿಗಿ ಅಂದ್ರೆ, ಮ್ಯಾಜಿಸ್ಟ್ರೇಟರ ಸಹಿ ಬೇಕು, ಜಿಲ್ಲಾಧಿಕಾರಿ ಮಂಡಳಿ ರಚಿಸಬೇಕು. ಬಳಸೋದೇ ಕಷ್ಟವಾಯ್ತು. 2023ರ ಜನವರಿ 24ರಂದು ಕೋರ್ಟೇ ಅದನ್ನ ಸಡಿಲ ಮಾಡಿತು. ಆ ಸಡಿಲವಾದ ಕ್ರಮವನ್ನ ಜಾರಿಗೆ ತಂದದ್ದು ನಮ್ಮ ರಾಜ್ಯದ ಸುತ್ತೋಲೆ.

ದೂರ್ವಾಸಪುರದ ಹೆಣ, ಭಾಗೀರಥಿಯ ಹಾಸಿಗೆ

ಈಗ ಸಾಹಿತ್ಯಕ್ಕೆ ಹೊರಳ್ತೀನಿ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದು 1965ರಲ್ಲಿ. ಕಾಲೇಜಲ್ಲಿ ಅದನ್ನ ಜಾತಿಯ ಕಾದಂಬರಿ ಅಂತ ಓದಿಸ್ತಾರೆ, ಸರಿಯೇ. ಆದರೆ ಅದು ರೋಗದ ಕಾದಂಬರಿಯೂ ಹೌದು. ನಾರಣಪ್ಪ ಸಾಯ್ತಾನೆ. ಅವನ ಸಂಸ್ಕಾರ ಯಾರು ಮಾಡಬೇಕು ಅನ್ನೋದು ತೀರ್ಮಾನ ಆಗೋದಿಲ್ಲ. ಪ್ರಾಣೇಶಾಚಾರ್ಯರು ತಾಳೆಗರಿ ತಿರುವಿ ಹಾಕ್ತಾರೆ, ಉತ್ತರ ಇಲ್ಲ. ಮಾರುತಿ ಗುಡಿಗೆ ಹೋಗಿ ಕೂರ್ತಾರೆ, ಉತ್ತರ ಇಲ್ಲ. ಅಗ್ರಹಾರವೆಲ್ಲ ಉಪವಾಸ. ಹೆಣ ಕೊಳೀತಾ ಇದೆ, ಇಲಿ ಬೀಳ್ತಾ ಇವೆ, ಪ್ಲೇಗು ಹಬ್ಬುತ್ತಾ ಇದೆ. ಕೊನೆಗೆ ಚಂದ್ರಿ ರಾತ್ರೋರಾತ್ರಿ ಒಬ್ಬ ಸಾಬರ ಸಹಾಯ ತಗೊಂಡು ದಹನ ಮಾಡಿ ಮುಗಿಸ್ತಾಳೆ. ಯಾವ ಗ್ರಂಥವನ್ನೂ ಕೇಳಲಿಲ್ಲ.

ನಾನು ಇದನ್ನ ಐಸಿಯು ಹೊರಗಿನ ಬೆಂಚುಗಳ ಮೇಲೆ ನೋಡಿದ್ದೀನಿ. ನಮ್ಮ ದೊಡ್ಡಪ್ಪ ಒಂದು ಖಾಸಗಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾಗ ನಾವು ಏಳೆಂಟು ಜನ ಅಲ್ಲಿದ್ವಿ. ಡಾಕ್ಟರು ಬಂದು 'ನೀವೇ ಹೇಳಿ' ಅಂತಿದ್ದರು. ದೊಡ್ಡಣ್ಣ 'ಅಮ್ಮನ್ನ ಕೇಳ್ಬೇಕು' ಅಂದ. ದೊಡ್ಡಮ್ಮ 'ಗಂಡುಮಕ್ಕಳು ನೀವು ಹೇಳಿ' ಅಂದ್ರು. ಅತ್ತೆ 'ಬೆಂಗಳೂರಿಂದ ಚಿಕ್ಕೋನು ಬರ್ಲಿ' ಅಂದ್ರು. ಚಿಕ್ಕೋನು ಬಂದ, ಡಾಕ್ಟರನ್ನೇ ಕೇಳಿ ಅಂದ. ಒಬ್ಬರ ಮೇಲೂ ಕೆಟ್ಟ ಮನಸ್ಸಿರಲಿಲ್ಲ. ದೊಡ್ಡಪ್ಪನಿಗೆ ಏನಿಷ್ಟ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ದಿನ ಹಾಗೇ ಹೋಯ್ತು.

'ಸಂಸ್ಕಾರ'ದಲ್ಲಿ ಇನ್ನೊಬ್ಬ ರೋಗಿ ಇದ್ದಾಳೆ, ಆಕೆಯನ್ನ ಬೇಗ ಮರೀತೀವಿ. ಆಚಾರ್ಯರ ಹೆಂಡತಿ ಭಾಗೀರಥಿ. ಹುಟ್ಟಾ ರೋಗಿಷ್ಟೆ. ಗೊತ್ತಿದ್ದೂ ಮದುವೆಯಾಗಿ, ದಿನಾ ಸ್ನಾನ ಮಾಡಿಸಿ, ಉಣಿಸಿ ನೋಡಿಕೊಳ್ತಾರೆ. ಆ ಸೇವೆಯನ್ನ ಆಚಾರ್ಯರು ತಮ್ಮ ಮೋಕ್ಷದ ದಾರಿ ಅಂದುಕೊಂಡಿರ್ತಾರೆ. ಅಲ್ಲೇ ಅನಂತಮೂರ್ತಿಯವರು ಮುಳ್ಳು ಇಟ್ಟಿರೋದು. ಆ ಆರೈಕೆ ಭಾಗೀರಥಿಗಾಗಿಯಾ, ಆಚಾರ್ಯರ ಪುಣ್ಯಕ್ಕಾಗಿಯಾ? ಅವಳಿಗೇನು ಬೇಕು ಅಂತ ಯಾರಾದ್ರೂ ಕೇಳಿದ್ರಾ?

'ಕೊನೇವರೆಗೂ ಮಾಡಿದ್ವಪ್ಪ, ಯಾರೂ ಒಂದು ಮಾತು ಅನ್ನೋ ಹಾಗಿಲ್ಲ.' ಈ ವಾಕ್ಯ ನಮ್ಮ ಕಡೆ ಪ್ರತಿ ಸಾವಿನ ಮನೆಯಲ್ಲೂ ಕೇಳಿಸುತ್ತೆ. ಅದರೊಳಗೆ ಪ್ರೀತಿ ಎಷ್ಟು, ಊರವರ ಬಾಯಿಗೆ ಹೆದರಿಕೆ ಎಷ್ಟು ಅಂತ ಒಂದು ಸಲ ತೂಗಿ ನೋಡ್ಕೊಳ್ಳೋದು ಒಳ್ಳೇದು.

ರೋಗಿಗೆ ಹೇಳ್ಬೇಕಾ?

ರೋಗಿಗೆ ಏನಿಷ್ಟ ಅಂತ ತಿಳೀಬೇಕಾದ್ರೆ ರೋಗಿಗೆ ತನ್ನ ರೋಗ ಏನು ಅಂತ ಗೊತ್ತಿರಬೇಕಲ್ವಾ? ಇಲ್ಲೇ ದೊಡ್ಡ ಗಂಟು.

ಕ್ಯಾನ್ಸರ್ ಅಂತ ವರದಿ ಬಂದ ಕೂಡಲೇ ನಾವು ಮಾಡೋ ಮೊದಲ ಕೆಲಸ ಅದನ್ನ ಬಚ್ಚಿಡೋದು. 'ಅಜ್ಜಿಗೆ ಹೇಳ್ಬೇಡಿ ಸಾರ್, ಗೆಡ್ಡೆ ಅಂದಿದ್ದೀವಿ.' ಇದಕ್ಕೂ ಹಳೆಯ ಬೇರಿದೆ. ಸಾವಿನ ಲಕ್ಷಣ ಕಂಡರೂ ವೈದ್ಯ ಕೇಳದೆ ಅದನ್ನ ಹೇಳಬಾರದು, ಆಘಾತ ಆಗೋ ಕಡೆ ಕೇಳಿದರೂ ಹೇಳಬಾರದು ಅನ್ನೋ ಎಚ್ಚರಿಕೆ ಚರಕಸಂಹಿತೆಯಲ್ಲೇ ಇದೆ. ಅದರ ಹಿಂದಿರೋದು ಕರುಣೆ. ಆದರೆ ಆಗ ವೈದ್ಯನ ಮುಂದೆ ವೆಂಟಿಲೇಟರ್ ಇರಲಿಲ್ಲ. ಬಚ್ಚಿಟ್ಟರೂ ಸಾವು ತನ್ನ ಹೊತ್ತಿಗೆ ಬರ್ತಿತ್ತು. ಈಗ ಬಚ್ಚಿಟ್ಟರೆ, ಆಯ್ಕೆ ಮಾಡೋ ಹೊತ್ತಿಗೆ ಆಯ್ಕೆ ಮಾಡಬೇಕಾದವರೇ ಕತ್ತಲಲ್ಲಿರ್ತಾರೆ.

ರಷ್ಯಾದ ಟಾಲ್‌ಸ್ಟಾಯ್ 1886ರಲ್ಲಿ 'ಇವಾನ್ ಇಲಿಚ್‌ನ ಸಾವು' ಅನ್ನೋ ಸಣ್ಣ ಕಾದಂಬರಿ ಪ್ರಕಟಿಸಿದರು. ಇವಾನ್ ಒಬ್ಬ ನ್ಯಾಯಾಧೀಶ. ಸಾಯ್ತಾ ಇದ್ದಾನೆ. ಹೆಂಡತಿ, ಡಾಕ್ಟರು, ಸ್ನೇಹಿತರು ಎಲ್ಲರೂ ಬರೀ ಕಾಯಿಲೆ, ವಾಸಿಯಾಗುತ್ತೆ ಅಂತ ನಾಟಕ ಆಡ್ತಾರೆ. ಡಾಕ್ಟರು ಮೂತ್ರಪಿಂಡವೋ, ಕರುಳೋ ಅಂತ ವಾದ ಮಾಡ್ತಾರೆ. ನೋವಿಗಿಂತ ಆ ಸುಳ್ಳೇ ಅವನನ್ನ ಹೆಚ್ಚು ಹಿಂಡುತ್ತೆ. ಗೆರಾಸಿಮ್ ಅನ್ನೋ ಹಳ್ಳಿ ಹುಡುಗ, ಮನೆಯ ಆಳು, ಅವನೊಬ್ಬನೇ ಸುಳ್ಳು ಹೇಳೋದಿಲ್ಲ. ರಾತ್ರಿಯೆಲ್ಲ ಇವಾನನ ಕಾಲನ್ನ ತನ್ನ ಹೆಗಲ ಮೇಲೆ ಇಟ್ಟುಕೊಂಡು ಕೂರ್ತಾನೆ. ನೋವು ಕಡಿಮೆಯಾಗುತ್ತೆ ಅಂತ.

ಎಲ್ಲ ಸತ್ಯವನ್ನೂ ಒಂದೇ ಉಸಿರಲ್ಲಿ ಸುರೀಬೇಕು ಅಂತ ನಾನು ಹೇಳ್ತಿಲ್ಲ. 'ನಿಂಗೆ ಎಷ್ಟು ತಿಳ್ಕೊಬೇಕು ಅನ್ಸುತ್ತೆ ಅಜ್ಜಿ?' ಅಂತ ಕೇಳಬಹುದು. 'ಬೇಡಪ್ಪಾ, ನೀವೇ ನೋಡ್ಕೊಳ್ಳಿ' ಅಂದ್ರೆ ಅದೂ ಅವರ ತೀರ್ಮಾನವೇ.

ಲೆಕ್ಕದ ಮಾತು

ನಾನು ಓದಿದ್ದು ಬಿ.ಕಾಂ. ಹಾಗಾಗಿ ದುಡ್ಡಿನ ಮಾತು ಬಿಡೋಕಾಗಲ್ಲ. ಲೆಕ್ಕಶಾಸ್ತ್ರದಲ್ಲಿ ಒಂದು ಪಾಠ ಇದೆ: ಈಗಾಗಲೇ ಖರ್ಚಾಗಿ ಹೋದ, ವಾಪಸ್ ಬರದ ದುಡ್ಡನ್ನ ಮುಂದಿನ ತೀರ್ಮಾನಕ್ಕೆ ಸೇರಿಸಬಾರದು. ಆಸ್ಪತ್ರೆಯಲ್ಲಿ ನಾವು ಮಾಡೋದು ಇದರ ಉಲ್ಟಾ. 'ಇಷ್ಟು ಹಾಕಿದ್ದೀವಿ, ಈಗ ನಿಲ್ಸಿದ್ರೆ ಎಲ್ಲಾ ನೀರಿಗೆ ಹಾಕಿದ ಹಾಗೆ' ಅಂತ ಇನ್ನೊಂದಿಷ್ಟು ಸಾಲ ತರ್ತೀವಿ. ಟೊಮೆಟೊಗೆ ರೇಟು ಬಿದ್ದ ವರ್ಷ ಸಾಲ ಮಾಡಿದ ಮನೆಯಲ್ಲಿ ಆ ಸಾಲ ತೀರಿಸೋದು ಮೊಮ್ಮಕ್ಕಳ ಓದಿನಿಂದ. ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶ ಇದೆ, ಅದು ದೊಡ್ಡ ಆಸರೆ. ಆದರೂ ಖಾಸಗಿ ಐಸಿಯು ಬಿಲ್ಲು ಎಷ್ಟೋ ಮನೆಗೆ ಹೊರಲಾರದ ಭಾರ.

ಕೊನೆಗೆ ಏನಾಗುತ್ತೆ? ದುಡ್ಡು ಮುಗಿದ ದಿನ, 'ಡಾಕ್ಟರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗ್ತಾ ಇದ್ದೀವಿ' ಅಂತ ಬರೆದ ಕಾಗದಕ್ಕೆ ಸಹಿ ಹಾಕಿ, ಆಂಬುಲೆನ್ಸಲ್ಲಿ ಆಕ್ಸಿಜನ್ ಇಟ್ಟುಕೊಂಡು ಊರಿಗೆ ತರ್ತಾರೆ. ಮನೆ ಬಾಗಿಲಲ್ಲಿ ಮಾಸ್ಕ್ ತೆಗೀತಾರೆ. ನೋವಿಗೆ ಔಷಧಿ ಇಲ್ಲ, ಪಕ್ಕದಲ್ಲಿ ನರ್ಸ್ ಇಲ್ಲ, ಕಾಗದದಲ್ಲಿ ತಪ್ಪು ಮನೆಯವರದ್ದು. ಚಿಕಿತ್ಸೆ ನಿಲ್ಲೋದಂತೂ ನಿಂತೇ ಇದೆ ನೋಡಿ. ಹೊಸ ಕ್ರಮ ಹೇಳೋದು ಇಷ್ಟೇ: ನಿಲ್ಲಿಸೋದಾದ್ರೆ ಡಾಕ್ಟರ ಜವಾಬ್ದಾರಿಯಲ್ಲಿ, ನೋವು ನಿವಾರಣೆ ಜೊತೆಗಿಟ್ಟುಕೊಂಡು, ದಾಖಲೆ ಸಮೇತ ನಿಲ್ಲಿಸಿ.

ದುರುಪಯೋಗ ಆಗಲ್ವಾ?

ಈ ಭಯ ಸುಳ್ಳಲ್ಲ. ಆಸ್ತಿಗಾಗಿ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆ ಪ್ರತಿ ಊರಲ್ಲೂ ಇದೆ. ಅದಕ್ಕಿಂತ ನನಗೆ ಹೆಚ್ಚು ಭಯ ಇನ್ನೊಂದು. 'ನಾನು ಮಕ್ಕಳಿಗೆ ಭಾರ' ಅಂತ ಅಂದುಕೊಂಡಿರೋ ಮುದುಕಿ, ಯಾರೂ ಒತ್ತಾಯ ಮಾಡದಿದ್ದರೂ ಏನೂ ಬೇಡ ಅಂತ ಬರೆದುಬಿಡಬಹುದು. ಬಡವರ 'ಬೇಡ' ಅನ್ನೋ ಮಾತಲ್ಲಿ ಇಷ್ಟ ಎಷ್ಟು, ದುಡ್ಡಿಲ್ಲದ್ದು ಎಷ್ಟು ಅಂತ ಬೇರೆ ಮಾಡೋದು ಕಷ್ಟ. ಇದಕ್ಕೆ ಕಾಗದದಲ್ಲಿ ಉತ್ತರ ಇಲ್ಲ. ಒಳ್ಳೆಯ ಸರ್ಕಾರಿ ಆಸ್ಪತ್ರೆ, ಹತ್ತಿರದಲ್ಲೇ ಉಪಶಾಮಕ ಆರೈಕೆ ಸಿಕ್ಕಾಗ ಮಾತ್ರ ಆ 'ಬೇಡ'ವನ್ನ ನಂಬಬಹುದು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನ ಉಚಿತವಾಗಿ ನೋಡಿಕೊಳ್ತಾರೆ. ಅಂಥದ್ದು ಪ್ರತಿ ತಾಲ್ಲೂಕಿಗೂ ಬೇಕು.

ಹಳಬರಿಗೂ ಈ ಎಚ್ಚರ ಇತ್ತು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಶಾಸನಗಳು ಸಾಲುಸಾಲಾಗಿವೆ. ಜೈನ ಗ್ರಂಥಗಳು ಅದನ್ನ ಕಂಡಕಂಡವರಿಗೆ ಹೇಳಲಿಲ್ಲ. ಮುಪ್ಪು, ಪರಿಹಾರವಿಲ್ಲದ ರೋಗ, ಬರ, ಆಪತ್ತು ಅಂತ ಷರತ್ತು ಹಾಕಿದವು, ಗುರುವಿನ ಒಪ್ಪಿಗೆ ಇಟ್ಟವು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನ ಆತ್ಮಹತ್ಯೆಗೆ ಸಮ ಅಂದಾಗ, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸಲ್ಲೇಖನ ಬೇರೆ, ಲಿವಿಂಗ್ ವಿಲ್ ಬೇರೆ. ಆದರೆ ಸಾವಿನ ವಿಷಯದಲ್ಲಿ ಒಬ್ಬನೇ ಕೂತು, ಅವಸರದಲ್ಲಿ ತೀರ್ಮಾನ ಮಾಡಬೇಡ ಅನ್ನೋದು ಎರಡರಲ್ಲೂ ಇದೆ.

ಸರಿ, ಬರೆಯೋದು ಹೇಗೆ?

ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಬರೀಬಹುದು. ಕಾಯಿಲೆ ಬರೋವರೆಗೂ ಕಾಯಬೇಕಿಲ್ಲ. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅನ್ನೋದನ್ನ ಸ್ಪಷ್ಟವಾಗಿ ಬರೀಬೇಕು. ನಿಮಗೆ ಮಾತಾಡಲು ಆಗದಾಗ ನಿಮ್ಮ ಪರವಾಗಿ ಹೇಳೋರು ಯಾರು ಅಂತ ಹೆಸರಿಸಬೇಕು, ಒಬ್ಬರಿಗಿಂತ ಹೆಚ್ಚು ಜನ ಇರಬಹುದು. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೋಟರಿ ಇಲ್ಲಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಮನೆ ಡಾಕ್ಟರಿಗೆ, ಒಂದು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಗೆ. ನಮ್ಮಂಥ ಊರಲ್ಲಿ ಅಂದ್ರೆ ಗ್ರಾಮ ಪಂಚಾಯಿತಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲೇ ತಿದ್ದಬಹುದು, ರದ್ದು ಮಾಡಬಹುದು.

ಬ್ಯಾಂಕಿನ ನಾಮಿನಿ ಫಾರಂ ತರಹ ಅಂದುಕೊಳ್ಳಿ. ನಾಮಿನಿ ದುಡ್ಡಿನ ಮಾಲೀಕ ಆಗೋದಿಲ್ಲ. ಹಾಗೇ ನೀವು ಹೆಸರಿಸಿದವರು ನಿಮ್ಮ ಜೀವದ ಮಾಲೀಕರಲ್ಲ, ನಿಮ್ಮ ಮಾತು ತಲುಪಿಸೋರು.

ಕಾಗದ ಇದ್ದ ಮಾತ್ರಕ್ಕೆ ಯಾರೂ ಸ್ವಿಚ್ ಆಫ್ ಮಾಡೋಕಾಗಲ್ಲ. ಚಿಕಿತ್ಸೆ ಕೊಡ್ತಿರೋ ಡಾಕ್ಟರು, ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಸೇರಿದ ಪ್ರಾಥಮಿಕ ಮಂಡಳಿ ನೋಡಬೇಕು. ಆಮೇಲೆ ಬೇರೆ ಇಬ್ಬರು ತಜ್ಞರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು ಇರೋ ಎರಡನೇ ಮಂಡಳಿ ಒಪ್ಪಬೇಕು. ತಲಾ 48 ಗಂಟೆಯೊಳಗೆ ಹೇಳೋದು ಒಳ್ಳೇದು ಅಂತ ಕೋರ್ಟ್ ಸೂಚಿಸಿದೆ. ರೋಗಿ ಹೆಸರಿಸಿದವರ ಒಪ್ಪಿಗೆ ಬೇಕು. ನಿಲ್ಲಿಸೋ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಲಿವಿಂಗ್ ವಿಲ್ ಬರೆಯದೇ ಇದ್ದವರಿಗೂ ಹತ್ತಿರದವರ ಒಪ್ಪಿಗೆಯ ಮೇಲೆ ಇದೇ ದಾರಿ. ಆಗ ಮತ್ತೆ ಅದೇ ಬೆಂಚು, ಅದೇ 'ಅವರನ್ನ ಕೇಳಿ, ಇವರನ್ನ ಕೇಳಿ'.

ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ 'ಮಂಕುತಿಮ್ಮನ ಕಗ್ಗ' ಕೊಟ್ಟದ್ದು 1943ರಲ್ಲಿ. ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ನಾವು ಕಗ್ಗವನ್ನ ನೆನೆಸಿಕೊಳ್ಳೋದು ಸಾವು ಆದ ಮೇಲೆ, ಶ್ರದ್ಧಾಂಜಲಿ ಕಾರ್ಡಲ್ಲಿ. ಆ ಮಾತು ಸ್ವಲ್ಪ ಮುಂಚೆ ಬರಬೇಕು ಅನ್ನೋದು ನನ್ನ ಆಸೆ. ನೋಟರಿ ಹತ್ತಿರ ಹೋಗೋದು ಆಮೇಲೆ ಇರಲಿ. ಈ ಭಾನುವಾರ ಮನೇಲಿ ಎಲ್ಲರೂ ಸೇರಿದಾಗ ಒಂದೇ ಪ್ರಶ್ನೆ ಕೇಳಿ: 'ನಾಳೆ ನಿಂಗೆ ಮಾತಾಡೋಕೆ ಆಗದೇ ಇದ್ರೆ, ನಿನ್ನ ಪರವಾಗಿ ಯಾರು ಮಾತಾಡ್ಲಿ? ಏನು ಹೇಳ್ಲಿ?' ಮೊದಲು ಬೈಸಿಕೊಳ್ತೀರಿ. 'ಬಿಡ್ತು ಅನ್ನು' ಅಂತಾರೆ. ಬಿಡ್ತು ಅನ್ನಿ. ಆಮೇಲೆ ಮತ್ತೆ ಕೇಳಿ.

ನಿಮ್ಮ ಮನೆಯಲ್ಲಿ ಏನು ಉತ್ತರ ಬಂತು ಅಂತ ಬರೆದು ಕಳಿಸಿ, ಹೆಸರು ಬೇಡ ಅಂದ್ರೆ ಹೆಸರಿಲ್ಲದೇ ಓದ್ತೀನಿ. ಮುಂದಿನ ಸಂಚಿಕೆಯಲ್ಲಿ ಅಂಗಾಂಗ ದಾನದ ಬಗ್ಗೆ ಮಾತಾಡೋಣ.